ಬೆಟ್ಟದ ಬುಡದಲ್ಲೊಂದು ಹಾಸಿಗೆ



ಅಕ್ಟೋಬರ್ ತಿಂಗಳು ಬಂತೆಂದರೆ ಕೊಡಗಿನಲ್ಲಿರುವ ಪ್ರತಿಯೊಬ್ಬನಿಗೂ ಬೆಂಗಳೂರಿನಲ್ಲಿ ಒಬ್ಬ ಹಳೇ ಸಹಪಾಠಿ ಹೊಸದಾಗಿ ಹುಟ್ಟಿಕೊಳ್ಳುತ್ತಾನೆ. ವರ್ಷವಿಡೀ ಸುದ್ದಿಯಿಲ್ಲದವನು ಒಂದು ರಾತ್ರಿ ಫೋನು ಮಾಡಿ, 'ನಾವು ಆರು ಜನ, ತಡಿಯಂಡಮೋಳ್ ಹತ್ತೋಣ ಅಂತಿದ್ದೀವಿ, ಮಡಿಕೇರೀಲಿ ಕಡಿಮೆ ಖರ್ಚಿನ ರೂಮ್ ಇದ್ರೆ ಹೇಳು ಮಾರಾಯ' ಅನ್ನುತ್ತಾನೆ. ಈ ಮಾತಿನಲ್ಲಿ ಇರುವ ತೊಡಕು ಅವನಿಗೆ ಗೊತ್ತಿರುವುದಿಲ್ಲ. ತಡಿಯಂಡಮೋಳ್ ಹತ್ತುವವನು ಮಡಿಕೇರಿಯಲ್ಲಿ ರೂಮು ಮಾಡಿದರೆ ಅದು ಎಷ್ಟೇ ಅಗ್ಗವಾಗಿದ್ದರೂ ಕಡಿಮೆ ಖರ್ಚಿನದ್ದಾಗುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಹೆಚ್ಚುಕಡಿಮೆ ಇದೇ ಲೆಕ್ಕದ ಸುತ್ತ.

ಕೊಡಗಿನ ನಕ್ಷೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. 4,102 ಚದರ ಕಿಲೋಮೀಟರಿನ ಸಣ್ಣ ಜಿಲ್ಲೆ. ಒಂದೇ ಒಂದು ರೈಲು ನಿಲ್ದಾಣವಿಲ್ಲ. ಮಡಿಕೇರಿ ಹೆಚ್ಚುಕಡಿಮೆ ನಡುವಿನಲ್ಲಿದೆ. ಆದರೆ ಚಾರಣಿಗರು ಹುಡುಕಿಕೊಂಡು ಬರುವ ಬೆಟ್ಟಗಳು ಮಡಿಕೇರಿಯ ಸುತ್ತ ನಿಂತಿಲ್ಲ, ಜಿಲ್ಲೆಯ ಅಂಚಿನಲ್ಲಿ ಚದುರಿಕೊಂಡಿವೆ. ಅತಿ ಎತ್ತರದ ತಡಿಯಂಡಮೋಳ್, 1,748 ಮೀಟರ್, ಕಕ್ಕಬೆಯ ಪಕ್ಕ. ಅದರ ನಂತರದ ಪುಷ್ಪಗಿರಿ, ಅಂದರೆ ಕುಮಾರ ಪರ್ವತ, 1,712 ಮೀಟರ್, ಉತ್ತರದಲ್ಲಿ ಸೋಮವಾರಪೇಟೆ ತಾಲ್ಲೂಕಿನ ತುದಿ. ಬ್ರಹ್ಮಗಿರಿ ದಕ್ಷಿಣದಲ್ಲಿ, ಕೇರಳದ ಗಡಿಗೆ ಒರಗಿಕೊಂಡಿದೆ. ತಲಕಾವೇರಿಯ ಕಡೆಯ ನಿಶಾನಿಮೊಟ್ಟೆ ಪಶ್ಚಿಮಕ್ಕೆ. ಮಡಿಕೇರಿಯಲ್ಲಿ ಮಲಗಿದವನು ಇವುಗಳಲ್ಲಿ ಯಾವುದನ್ನು ಹತ್ತಬೇಕಾದರೂ ಬೆಳಗಿನ ಐದು ಗಂಟೆಗೆ ಟ್ಯಾಕ್ಸಿಯನ್ನೋ ಜೀಪನ್ನೋ ಕರೆಸಬೇಕು. ಆ ಹೊತ್ತಿಗೆ ಬಸ್ಸಿಲ್ಲ. ಬಿಸಿಲೇರುವ ಮೊದಲು ಹತ್ತಲು ಶುರುಮಾಡದಿದ್ದರೆ ಹುಲ್ಲುಗಾವಲಿನ ಬೋಳು ಇಳಿಜಾರಿನಲ್ಲಿ ಬೇಯಬೇಕು. ಬಾಡಿಗೆ ಗಾಡಿ ಹೋಗುವುದಕ್ಕೂ ಬರುವುದಕ್ಕೂ ಹಣ ಕೇಳುತ್ತದೆ, ಕಾಯುವುದಕ್ಕೂ ಕೇಳುತ್ತದೆ. ಲಾಡ್ಜಿನಲ್ಲಿ ಉಳಿಸಿದ್ದು ಜೀಪಿನಲ್ಲಿ ಹೋಯಿತು.

ಹಾಗಾಗಿ ಮೊದಲು ಬೆಟ್ಟ ಯಾವುದು ಎಂದು ತೀರ್ಮಾನಿಸಿ. ಆಮೇಲೆ ಆ ಬೆಟ್ಟದ ಬುಡದ ಊರು ಯಾವುದು, ಅಲ್ಲಿಗೆ ಬಸ್ಸು ಎಲ್ಲಿಂದ ಬರುತ್ತದೆ ಎಂದು ನೋಡಿ. ರೂಮಿನ ವಿಚಾರ ಮೂರನೆಯದು. ನಡುವೆ ಇನ್ನೊಂದು ಮೆಟ್ಟಿಲು ಈಗ ಸೇರಿಕೊಂಡಿದೆ, ಅದನ್ನು ಹೇಳಿ ಮುಂದೆ ಹೋಗುತ್ತೇನೆ.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ಸಾಲು ರಜೆಗೆ, ಕುಮಾರ ಪರ್ವತದ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ನೀವು ನೋಡಿರಬಹುದು. ಜಾತ್ರೆಯ ತೇರಿನ ಬೀದಿಯಲ್ಲಾದರೂ ಅಷ್ಟು ನೂಕುನುಗ್ಗಲು ಇರುತ್ತಿತ್ತೋ ಇಲ್ಲವೋ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನೇ ತಡೆಹಿಡಿಯಿತು. ಆ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಆನ್‌ಲೈನ್ ವ್ಯವಸ್ಥೆ ಬಂತು. ಒಂದು ಹಾದಿಗೆ ದಿನಕ್ಕೆ 300 ಜನ, ಅಷ್ಟೇ. ಗುರುತಿನ ಚೀಟಿ ತೋರಿಸಿ ಮುಂಗಡ ಟಿಕೆಟ್ ತೆಗೆದುಕೊಂಡವರಿಗೆ ಪ್ರವೇಶ. ಶಿಖರದ ಮೇಲೆ ಟೆಂಟ್ ಹಾಕಿ ರಾತ್ರಿ ಕಳೆಯುವ ಹಳೆಯ ರೂಢಿಗೂ ಈಗ ಅವಕಾಶವಿಲ್ಲ. ಕತ್ತಲಾಗುವ ಮುಂಚೆ ಇಳಿದು ಬಂದಿರಬೇಕು. ಕೆಲವು ಚಾರಣಿಗರಿಗೆ ಇದರ ಮೇಲೆ ಸಿಟ್ಟಿದೆ. ನನಗಿಲ್ಲ. ಬೆಟ್ಟದ ತುದಿಯ ಹುಲ್ಲಿನಲ್ಲಿ ಬಿಯರ್ ಬಾಟಲಿ ಆರಿಸಿದ ಯಾರಿಗೂ ಇರಲಾರದು.

ವಸತಿಯ ದೃಷ್ಟಿಯಿಂದ ಈ ನಿಯಮದಿಂದ ಎರಡು ಪರಿಣಾಮ. ಒಂದು, ಟೆಂಟ್ ಎಂಬ ಪುಕ್ಕಟೆ ವಸತಿ ಮುಗಿದುಹೋಯಿತು. ಹತ್ತುವ ಹಿಂದಿನ ರಾತ್ರಿ ಬುಡದಲ್ಲೇ ಮಲಗುವುದು ಅನಿವಾರ್ಯವಾಯಿತು. ಇನ್ನೊಂದು, ಟಿಕೆಟ್ ಸಿಗುವ ಮೊದಲು ಕೋಣೆಗೆ ಮುಂಗಡ ಕೊಡಬಾರದು. ಕೋಣೆ ಕಾಯ್ದಿರಿಸಿ ಬೆಟ್ಟ ಸಿಗದೆ, ಅದೇ ಕೋಣೆಯಲ್ಲಿ ಇಸ್ಪೀಟಾಡಿ ವಾಪಸಾದ ತಂಡಗಳಿವೆ. ಕಾಡ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲಿ, ಮಳೆ ಜೋರಾಗಿರುವ ತಿಂಗಳುಗಳಲ್ಲಿ ಇಲಾಖೆ ಹಾದಿಗಳನ್ನು ಮುಚ್ಚುವುದುಂಟು. ಆ ತಿಂಗಳುಗಳಲ್ಲಿ 'ಅರ್ಧ ಬೆಲೆಗೆ ಕೋಣೆ' ಎಂಬ ಜಾಹೀರಾತು ಕಂಡರೆ, ಬೆಟ್ಟ ತೆರೆದಿದೆಯೇ ಎಂದು ಮೊದಲು ವಿಚಾರಿಸಿ.

ಈಗ ಕಕ್ಕಬೆಗೆ ಬರೋಣ. ಕಡಿಮೆ ಖರ್ಚಿನ ಚಾರಣ ಎಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಈ ಊರು. ಒಂದು ಕಾಲಕ್ಕೆ ಜೇನಿಗೆ ಬಹಳ ಹೆಸರಾಗಿದ್ದ ಊರು. ಹತ್ತಿರದಲ್ಲೇ ಮಳೆ ಬೆಳೆಗಳ ದೇವರು ಪಾಡಿ ಇಗ್ಗುತಪ್ಪನ ಸನ್ನಿಧಿ. ಬೆಂಗಳೂರಿನಿಂದ ರಾತ್ರಿ ಹೊರಡುವ ಬಸ್ಸು ಮೈಸೂರು, ಹುಣಸೂರು, ಗೋಣಿಕೊಪ್ಪ ದಾಟಿ ಬೆಳಗಿನ ಜಾವ ವಿರಾಜಪೇಟೆ ಮುಟ್ಟುತ್ತದೆ. ಒಂದು ರಾತ್ರಿಯ ವಸತಿಯ ಖರ್ಚು ಅಲ್ಲೇ ಉಳಿಯಿತು. ವಿರಾಜಪೇಟೆಯಿಂದ ಕಕ್ಕಬೆಗೆ ಬಸ್ಸು. ಮಡಿಕೇರಿಯಿಂದ ಬರುವವರಿಗೆ ನಾಪೋಕ್ಲು ಮೇಲೆ ದಾರಿ. ಕಕ್ಕಬೆಯ ಬಳಿ ಕೈಕಂಬದಲ್ಲಿ ಇಳಿದರೆ ನಾಲ್ಕುನಾಡು ಅರಮನೆಯ ಕಡೆಗಿನ ಕಮಾನು ಕಾಣುತ್ತದೆ. ಅಲ್ಲಿಂದ ನಡಿಗೆ. ರಾಜ್ಯದ ಮಹಿಳೆಯರಿಗೆ ಒಂದು ಮಾತು: 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. ಆದರೆ ರಾತ್ರಿಯ ಐಷಾರಾಮಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಕೊಡಗಿನ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳೂ ಸಾಕಷ್ಟು ಓಡುತ್ತವೆ, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಹತ್ತುವ ಮೊದಲು ಬಸ್ಸಿನ ಬಣ್ಣ ನೋಡಿಕೊಳ್ಳಿ.

ತಡಿಯಂಡಮೋಳಿನ ಬುಡದಲ್ಲಿ ತಂಗುವ ಪದ್ಧತಿಯನ್ನು ಹಾಕಿಕೊಟ್ಟವರು ಕೊಡಗಿನ ಅರಸರೇ ಎಂದು ನಾನು ತಮಾಷೆ ಮಾಡುವುದುಂಟು. ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದ ದೊಡ್ಡವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದ. ಕಾಡು ಬೆಟ್ಟಗಳ ಮರೆಯಲ್ಲಿ, ಶತ್ರುವಿಗೆ ಸುಲಭಕ್ಕೆ ಸಿಗದ ಜಾಗ ಬೇಕಾಗಿತ್ತು. 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಅದು. ಅರಮನೆ ಎಂಬ ಮಾತು ಕೇಳಿ ಮೈಸೂರನ್ನು ನೆನೆಸಿಕೊಂಡು ಬಂದವರಿಗೆ ನಿರಾಸೆ ಖಂಡಿತ. ಎರಡಂತಸ್ತಿನ, ಮರದ ಕೆತ್ತನೆಯ, ಗೋಡೆಯ ಮೇಲೆ ಬಣ್ಣದ ಚಿತ್ರಗಳಿರುವ ದೊಡ್ಡ ಮನೆ ಅಂದರೆ ಸರಿ. ಅಂಗಳದಲ್ಲಿ ರಾಜನ ಮದುವೆಗೆ ಕಟ್ಟಿಸಿದ ಪುಟ್ಟ ಮಂಟಪವಿದೆ. 1796ರಲ್ಲಿ ಮಹಾದೇವಮ್ಮಾಜಿಯೊಂದಿಗೆ ಮದುವೆ ನಡೆದದ್ದು ಇಲ್ಲಿ. ಕೊನೆಯ ಅರಸ ಚಿಕ್ಕವೀರರಾಜೇಂದ್ರನೂ 1834ರ ಏಪ್ರಿಲಿನಲ್ಲಿ ಇಂಗ್ಲಿಷರ ಸೈನ್ಯ ಮಡಿಕೇರಿಗೆ ಬಂದಾಗ ಆಶ್ರಯ ಪಡೆದಿದ್ದು ಇದೇ ಮನೆಯಲ್ಲಿ. ಚಾರಣದ ಕಾಲುದಾರಿ ಈ ಅರಮನೆಯ ಬದಿಯಿಂದಲೇ ಹೊರಡುತ್ತದೆ. ಶಿಖರಕ್ಕೆ ಆರೇಳು ಕಿಲೋಮೀಟರ್. ಮೊದಲ ಭಾಗ ಜೀಪು ದಾರಿಯ ಹಾಗೆ ಸಲೀಸು. ನಡುವೆ ಒಂದು ದೊಡ್ಡ ಬಂಡೆ, ಎಲ್ಲರೂ ಅಲ್ಲಿ ಕೂತು ಬ್ಯಾಗು ಬಿಚ್ಚುತ್ತಾರೆ. ಕೊನೆಯ ಏರು, ಶೋಲಾ ಕಾಡಿನ ಒಳಗೆ, ನಿಜವಾದ ಏರು.

ಈ ಅರಮನೆಯ ಸುತ್ತಿನ ಕಾಫಿ ತೋಟಗಳ ಮನೆಗಳಲ್ಲಿ ಹೋಮ್‌ಸ್ಟೇಗಳಿವೆ. ಅದೇ ದಿಕ್ಕಿನಲ್ಲಿ ದುಬಾರಿ ರೆಸಾರ್ಟುಗಳೂ ಇವೆ, ಅವುಗಳ ಹೆಸರು ಹೇಳಿ ನಿಮ್ಮ ಸಮಯ ಕಳೆಯುವುದಿಲ್ಲ. ಚಾರಣಿಗರಿಗೆ ಒದಗುವುದು ಮನೆಯ ಪಕ್ಕ ಎರಡು ಮೂರು ಕೋಣೆ ಕಟ್ಟಿಸಿ, ಅಥವಾ ಮಕ್ಕಳು ಓದಲು ಹೋದ ಮೇಲೆ ಖಾಲಿಯಾದ ಕೋಣೆಗಳನ್ನೇ ಸಜ್ಜು ಮಾಡಿ ಅತಿಥಿಗಳನ್ನು ಇರಿಸಿಕೊಳ್ಳುವ ಮನೆಗಳು. ಇಲ್ಲಿನ ಲೆಕ್ಕಾಚಾರ ಪೇಟೆಯ ಲಾಡ್ಜಿನದ್ದಲ್ಲ. ಲಾಡ್ಜಿನಲ್ಲಿ ಕೋಣೆಗೆ ಬೆಲೆ, ಇಲ್ಲಿ ತಲೆಗೆ ಬೆಲೆ. ಆ ತಲೆಬೆಲೆಯಲ್ಲಿ ಸಾಮಾನ್ಯವಾಗಿ ರಾತ್ರಿಯ ಊಟ, ಬೆಳಗಿನ ತಿಂಡಿ ಸೇರಿರುತ್ತದೆ. ಇದು ಗೊತ್ತಿಲ್ಲದವರು ಎರಡು ದರಗಳನ್ನು ಪಕ್ಕಪಕ್ಕ ಇಟ್ಟು ಹೋಮ್‌ಸ್ಟೇ ದುಬಾರಿ ಅಂದುಬಿಡುತ್ತಾರೆ. ಕಕ್ಕಬೆಯಂಥ ಊರಿನಲ್ಲಿ ರಾತ್ರಿ ಎಂಟು ಗಂಟೆಯ ಮೇಲೆ ಹೊರಗೆ ಊಟ ಸಿಗುವ ನೆಚ್ಚಿಕೆಯಿಲ್ಲ. ಊಟ ಸೇರಿದ ದರವನ್ನು ಊಟವಿಲ್ಲದ ದರದ ಜತೆ ತೂಗಬೇಡಿ.

ತಲೆಬೆಲೆಯ ಇನ್ನೊಂದು ಗುಣ, ಅದು ಒಂಟಿ ಪ್ರವಾಸಿಗೆ ಮೋಸ ಮಾಡುವುದಿಲ್ಲ. ಲಾಡ್ಜಿನಲ್ಲಿ ಒಬ್ಬನೇ ಹೋದರೂ ಇಬ್ಬರ ಕೋಣೆಯ ದುಡ್ಡು. ಇಲ್ಲಿ ಒಬ್ಬನಿಗೆ ಒಬ್ಬನ ದುಡ್ಡು. ಆರೆಂಟು ಜನರ ತಂಡವಾದರೆ ದೊಡ್ಡ ಕೋಣೆಯಲ್ಲಿ ಸಾಲಾಗಿ ಹಾಸಿಗೆ ಹಾಕಿಕೊಡುವ ಮನೆಗಳಿವೆ. ಅದು ಮತ್ತಷ್ಟು ಕಡಿಮೆ. ಬಚ್ಚಲು ಒಂದೇ, ಬೆಳಗ್ಗೆ ಸರದಿ. ಬಿಸಿನೀರು ಸೌದೆ ಒಲೆಯ ಹಂಡೆಯಿಂದ. ಇದು ಕಷ್ಟ ಅನ್ನಿಸುವವರಿಗೆ ಬೇರೆ ಮನೆಗಳಿವೆ, ಬೇರೆ ಬೆಲೆಯಿದೆ. ಅಗ್ಗದ ಹಾಸಿಗೆಯೂ ಬೇಕು, ಪ್ರತ್ಯೇಕ ಬಚ್ಚಲೂ ಬೇಕು, ಕಿಟಕಿಯಿಂದ ಕಣಿವೆಯೂ ಕಾಣಬೇಕು ಅಂದರೆ ಆ ಮೂರರಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಚಾರಣಿಗ ಬಿಡಬೇಕಾದ್ದು ಕಣಿವೆಯ ನೋಟವನ್ನು. ಹೇಗೂ ಮರುದಿನ ಬೆಟ್ಟದ ಮೇಲಿಂದ ನೋಡುತ್ತೀರಿ.

ಫೋನಿನಲ್ಲಿ ಏನು ಕೇಳಬೇಕು? ದರ ಎಷ್ಟು ಎಂಬುದಕ್ಕಿಂತ ಮೊದಲು, ಅರಮನೆಯ ಗೇಟಿನಿಂದ ನಿಮ್ಮ ಮನೆಗೆ ನಡಿಗೆಯಲ್ಲಿ ಎಷ್ಟು ದೂರ ಎಂದು ಕೇಳಿ. 'ಹತ್ತಿರವೇ' ಎಂಬ ಉತ್ತರವನ್ನು ನಂಬಬೇಡಿ. ಕೊಡಗಿನಲ್ಲಿ ಹತ್ತಿರ ಅಂದರೆ ಜೀಪಿಗೆ ಹತ್ತಿರ. ಎಷ್ಟು ನಿಮಿಷದ ನಡಿಗೆ ಎಂದು ಕೇಳಿ. ಬೆಳಗ್ಗೆ ಐದೂವರೆಗೆ ಹೊರಟರೆ ತಿಂಡಿ ಕಟ್ಟಿಕೊಡುತ್ತೀರಾ ಎಂದು ಕೇಳಿ. ಬಹುತೇಕ ಮನೆಗಳಲ್ಲಿ ಎಂಟಕ್ಕೆ ತಿಂಡಿ, ಅಷ್ಟು ಹೊತ್ತಿಗೆ ನೀವು ಅರ್ಧ ಬೆಟ್ಟದಲ್ಲಿರಬೇಕು. ಎರಡು ಅಕ್ಕಿರೊಟ್ಟಿ, ಒಂದಿಷ್ಟು ಚಟ್ನಿ ಬಾಳೆ ಎಲೆಯಲ್ಲಿ ಸುತ್ತಿ ಕೊಡುವುದಕ್ಕೆ ಮನೆಯವರು ಇಲ್ಲವೆನ್ನುವುದಿಲ್ಲ, ಆದರೆ ಹಿಂದಿನ ದಿನವೇ ಹೇಳಿರಬೇಕು. ಇಳಿದು ಬಂದ ಮೇಲೆ ಸ್ನಾನಕ್ಕೆ, ಬ್ಯಾಗು ಇಡುವುದಕ್ಕೆ ಅವಕಾಶವಿದೆಯೇ ಎಂದೂ ಕೇಳಿ. ಇದಕ್ಕೆ ಹೆಚ್ಚುವರಿ ದಿನದ ಬಾಡಿಗೆ ತೆಗೆದುಕೊಳ್ಳುವವರಿದ್ದಾರೆ, ಸುಮ್ಮನೆ ಬಿಡುವವರೂ ಇದ್ದಾರೆ. ಮಾಂಸ ತಿನ್ನದವರು ಇದ್ದರೆ ಮೊದಲೇ ತಿಳಿಸಿ. ಕೊಡವರ ಮನೆಯಲ್ಲಿ ಕಡಂಬಿಟ್ಟು ಪಂದಿಕರಿಯ ತಯಾರಿ ಆಗಿಬಿಟ್ಟ ಮೇಲೆ ನಾಲ್ಕು ಜನ ಸಸ್ಯಾಹಾರಿಗಳು ಬಂದು ನಿಂತರೆ ಮನೆಯಾಕೆಗೆ ಪರದಾಟ. ಮುಂಚೆ ಹೇಳಿದರೆ ನೂಪುಟ್ಟು, ತರಕಾರಿ ಸಾರು ಎಲ್ಲ ಸಿಗುತ್ತದೆ.

ಚೌಕಾಸಿಯ ವಿಷಯ. ಶನಿವಾರ ರಾತ್ರಿಗೆ ಚೌಕಾಸಿ ಮಾಡುವುದು ವ್ಯರ್ಥ. ನೀವು ಬೇಡವೆಂದರೆ ಐದು ನಿಮಿಷದಲ್ಲಿ ಇನ್ನೊಬ್ಬರ ಫೋನು ಬರುತ್ತದೆ. ಮಂಗಳವಾರಕ್ಕೋ ಬುಧವಾರಕ್ಕೋ ಕೇಳಿದರೆ, ಕೇಳದೆಯೇ ದರ ಇಳಿದಿರುತ್ತದೆ. ಎರಡು ರಾತ್ರಿ ಇರುತ್ತೇವೆ ಅಂದರೆ ಇನ್ನೂ ಸ್ವಲ್ಪ. ದಸರಾ, ಕ್ರಿಸ್‌ಮಸ್, ವರ್ಷದ ಕೊನೆ, ಯಾವುದೇ ಮೂರು ದಿನದ ಸಾಲು ರಜೆ, ಇಷ್ಟನ್ನು ಬಿಟ್ಟು ನವೆಂಬರಿನ ವಾರದ ನಡುವೆ ಬಂದರೆ ನಿಮಗೆ ಬೆಟ್ಟವೂ ಕೋಣೆಯೂ ಎರಡೂ ಸಲೀಸಾಗಿ ಸಿಗುತ್ತವೆ. ಹುತ್ತರಿ ಹಬ್ಬದ ದಿನಗಳನ್ನು ಮಾತ್ರ ನೋಡಿಕೊಳ್ಳಿ. ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಬರುವ ಆ ಹಬ್ಬಕ್ಕೆ ಮನೆಮಂದಿಯೆಲ್ಲ ಊರಿಗೆ ಬರುತ್ತಾರೆ. ಅತಿಥಿಗಳ ಕೋಣೆಯಲ್ಲಿ ಆಗ ಅಕ್ಕನ ಮಕ್ಕಳು ಮಲಗಿರುತ್ತಾರೆ. ಡಿಸೆಂಬರ್ ಜನವರಿ ಕಾಫಿ ಕೊಯ್ಲಿನ ಕಾಲ. ಮನೆಯ ಯಜಮಾನ ಕಣದಲ್ಲಿ ಹಣ್ಣು ಹರಡಿಸುತ್ತಿರುತ್ತಾನೆ, ನಿಮ್ಮ ಜತೆ ಕೂತು ಬೆಟ್ಟದ ಕತೆ ಹೇಳಲು ಅವನಿಗೆ ಪುರುಸೊತ್ತಿರುವುದಿಲ್ಲ.

ಕಾಫಿಯ ಮಾತು ಬಂದದ್ದರಿಂದ ಒಂದು ಹಿನ್ನೆಲೆ ಹೇಳಬೇಕು. ಕೊಡಗಿನ ಹೋಮ್‌ಸ್ಟೇಗಳು ಪ್ರವಾಸೋದ್ಯಮದ ಯೋಜನೆಯಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಕಾಫಿ ಬೆಲೆ ಕುಸಿತದಿಂದ ಬೆಳೆದವು. 2000ದ ಆಚೀಚೆ ವಿಶ್ವ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ನೆಲಕಚ್ಚಿತು. ವಿಯೆಟ್ನಾಂ ರೊಬಸ್ಟಾ ಸುರಿದಿತ್ತು. ಇಲ್ಲಿ ಕೊಯ್ಲಿನ ಕೂಲಿ ಕೊಟ್ಟರೆ ಬೆಳೆಗಾರನ ಕೈಯಲ್ಲಿ ಏನೂ ಉಳಿಯದ ವರ್ಷಗಳು. ಸಾಲ ತೀರಿಸಲು ಕಾಣಿಸಿದ ದಾರಿಗಳಲ್ಲಿ ಒಂದು, ಮನೆಯ ಖಾಲಿ ಕೋಣೆ. ಕೊಡವರ ಮೂಲಮನೆಯಾದ ಐನ್‌ಮನೆಯ ಜಗಲಿ ಕೈಯಾಲೆಯಲ್ಲಿ ಬಂದವರನ್ನು ಕೂರಿಸಿ ಉಪಚರಿಸಿದ ಮಂದಿಗೆ ಅತಿಥಿಯಿಂದ ಹಣ ಕೇಳುವುದು ಮೊದಮೊದಲು ಬಹಳ ಮುಜುಗರದ ಸಂಗತಿಯಾಗಿತ್ತು. ಹಣದ ಮಾತನ್ನು ಹೊರಡುವ ಗಳಿಗೆಯವರೆಗೂ ಎತ್ತದೆ, ಎತ್ತಿದಾಗಲೂ ಬೇರೆ ಕಡೆ ನೋಡುತ್ತ ಹೇಳುವ ಹಿರಿಯರು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಆಮೇಲೆ ಮುಜುಗರ ಹೋಯಿತು, ಕೆಲವು ಕಡೆ ಮನೆಯೂ ಹೋಯಿತು. ಮಾಲೀಕ ಬೆಂಗಳೂರಿನಲ್ಲಿ, ಇಲ್ಲಿ ಒಬ್ಬ ಮೇಲ್ವಿಚಾರಕ, ಹತ್ತು ಕೋಣೆ, ಧ್ವನಿವರ್ಧಕ. ಹೆಸರು ಮಾತ್ರ ಹೋಮ್‌ಸ್ಟೇ.

ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿರಬೇಕು ಎಂಬುದು ಹೋಮ್‌ಸ್ಟೇಯ ಮೂಲ ಷರತ್ತು. ಅಗ್ಗ ಹುಡುಕುವವರು ನೋಂದಣಿಯ ಪ್ರಶ್ನೆಯನ್ನು ಅನಗತ್ಯ ಎಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ನೋಂದಣಿಯಾದ ಮನೆಯ ವಿವರ ಇಲಾಖೆಯಲ್ಲಿ ಇರುತ್ತದೆ, ನಿಮ್ಮ ಗುರುತಿನ ಚೀಟಿಯ ಪ್ರತಿ ಆ ಮನೆಯಲ್ಲಿ ಇರುತ್ತದೆ. ಬೆಟ್ಟದಲ್ಲಿ ಯಾರಾದರೂ ದಾರಿ ತಪ್ಪಿದ ದಿನ ಆ ಪ್ರತಿಯೇ ಹುಡುಕಾಟದ ಮೊದಲ ಕಾಗದ. ಗುರುತಿನ ಚೀಟಿ ಕೇಳದ ಮನೆ ಸಿಕ್ಕಿತು ಎಂದು ಸಂತೋಷಪಡಬೇಡಿ.

ಇನ್ನೊಂದನ್ನು ನೋಂದಣಿಯೂ ಹೇಳುವುದಿಲ್ಲ, ನೀವೇ ನೋಡಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆಯ ಗುಡ್ಡಗಳು ಜಾರಿದ್ದನ್ನು ಕೊಡಗು ಮರೆತಿಲ್ಲ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಪಕ್ಕದ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಬೆಟ್ಟದ ಮಗ್ಗುಲನ್ನು ಯಂತ್ರದಿಂದ ನೆಟ್ಟಗೆ ಕಡಿದು, ಆ ಮಟ್ಟದ ಮೇಲೆ ಕೋಣೆ ಎಬ್ಬಿಸಿದ್ದರೆ, ಕೋಣೆಯ ಹಿಂದೆ ಹಸಿ ಮಣ್ಣಿನ ಗೋಡೆ ಕಾಣುತ್ತದೆ. ಮಳೆಗಾಲದಲ್ಲಿ ಅಂಥ ಕೋಣೆಯನ್ನು ಪುಕ್ಕಟೆ ಕೊಟ್ಟರೂ ನಾನು ಮಲಗಲಾರೆ. ಹಳೆಯ ಮನೆಗಳನ್ನು ಗಮನಿಸಿ. ಗದ್ದೆಯ ಮೇಲಂಚಿನಲ್ಲಿ, ನೀರು ಹರಿದು ಹೋಗುವ ದಾರಿ ಬಿಟ್ಟು, ನೆಲ ತಾನಾಗಿ ಸಮತಟ್ಟಾಗಿರುವ ಕಡೆ ನಿಂತಿರುತ್ತವೆ. ಅವುಗಳಲ್ಲಿ ಕಣಿವೆಯ ನೋಟ ಸಿಗುವುದಿಲ್ಲ, ಅದಕ್ಕೇ ದರವೂ ಕಡಿಮೆ.

ಕಕ್ಕಬೆಯಲ್ಲೇ ಬಹಳ ಹೊತ್ತು ನಿಂತೆ. ಉತ್ತರದ ಕುಮಾರ ಪರ್ವತಕ್ಕೆ ಹೋಗೋಣ. ಇದರ ಶಿಖರ ಕೊಡಗಿನದು, ಆದರೆ ಅಗ್ಗದ ಹಾಸಿಗೆ ದಕ್ಷಿಣ ಕನ್ನಡದ್ದು. ಕುಕ್ಕೆ ಸುಬ್ರಹ್ಮಣ್ಯ. ಬೆಂಗಳೂರು ಮಂಗಳೂರು ರೈಲಿನಲ್ಲಿ ಬಂದು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದರೆ ಕುಕ್ಕೆ ಹತ್ತು ಹನ್ನೆರಡು ಕಿಲೋಮೀಟರ್. ದೇವಸ್ಥಾನದ ವಸತಿಗೃಹಗಳಿವೆ, ಭಕ್ತರಿಗೆ ದೇವಸ್ಥಾನದಲ್ಲಿ ಊಟವಿದೆ. ಯಾತ್ರಿಕರಿಗಾಗಿ ಶತಮಾನಗಳಿಂದ ಬೆಳೆದು ಬಂದ ವ್ಯವಸ್ಥೆ ಇದು, ಚಾರಣಿಗರು ಅದರ ನೆರಳಿನಲ್ಲಿ ಬದುಕುತ್ತಾರೆ. ಹಾಗಿರುವಾಗ ಆ ಕ್ಷೇತ್ರದ ನಡವಳಿಕೆ ನಮ್ಮದೂ ಆಗಬೇಕು. ಮದ್ಯ ಮಾಂಸ ಇಲ್ಲ, ರಾತ್ರಿ ಗಲಾಟೆ ಇಲ್ಲ, ಕೆಸರು ಬೂಟಿನಲ್ಲಿ ಊಟದ ಚಾವಡಿಗೆ ನುಗ್ಗುವುದಿಲ್ಲ. ಒಬ್ಬರೇ ಬಂದವರಿಗೆ ಕ್ಷೇತ್ರಗಳಲ್ಲಿ ಕೊಠಡಿ ಸಿಗುವುದು ಖಾತ್ರಿಯಲ್ಲ, ಅದನ್ನೂ ನೆನಪಿಡಿ. ಚಂಪಾಷಷ್ಠಿಯ ಸುತ್ತಿನ ದಿನಗಳಲ್ಲಿ ಕುಕ್ಕೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸರ್ಪಸಂಸ್ಕಾರಕ್ಕೆ ಬರುವವರು ಎರಡು ದಿನ ತಂಗುವುದರಿಂದ ಮಾಮೂಲಿ ದಿನಗಳಲ್ಲೂ ಕೊಠಡಿಗಳ ಮೇಲೆ ಒತ್ತಡವಿರುತ್ತದೆ.

ಕುಕ್ಕೆಯಿಂದ ಶಿಖರಕ್ಕೆ ಹೆಚ್ಚುಕಡಿಮೆ 1,600 ಮೀಟರ್ ಏರು. ರಾಜ್ಯದ ಕಠಿಣ ಚಾರಣಗಳಲ್ಲಿ ಒಂದು ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ದಾರಿಯ ನಡುವೆ ಗಿರಿಗದ್ದೆಯಲ್ಲಿ 'ಭಟ್ಟರ ಮನೆ' ಇದೆ. ಕನ್ನಡದ ಚಾರಣಿಗರಲ್ಲಿ ಈ ಹೆಸರು ಕೇಳದವರಿಲ್ಲ. ಅಂಗಡಿಯಿಲ್ಲದ, ರಸ್ತೆಯಿಲ್ಲದ ಕಾಡಿನ ನಡುವೆ ಹಸಿದು ಬಂದವರಿಗೆ ಅನ್ನ ಸಾಂಬಾರು ಬಡಿಸಿದ ಮನೆ. ಎಷ್ಟೋ ತಂಡಗಳು ಅದರ ಅಂಗಳದಲ್ಲಿ ರಾತ್ರಿ ಕಳೆದಿವೆ. ಈಗಿನ ನಿಯಮದಲ್ಲಿ ಅಲ್ಲಿ ತಂಗಲು ಬಿಡುತ್ತಾರೋ ಇಲ್ಲವೋ ಎಂಬುದನ್ನು ಟಿಕೆಟ್ ತೆಗೆಯುವಾಗಲೇ ಓದಿಕೊಳ್ಳಿ. ಒಂದೇ ದಿನದಲ್ಲಿ ಕುಕ್ಕೆಯಿಂದ ಹತ್ತಿ ಇಳಿಯುವುದು ಎಲ್ಲರ ಮೊಣಕಾಲಿಗೂ ಆಗುವ ಕೆಲಸವಲ್ಲ. ಆಗದವರಿಗೆ ಸೋಮವಾರಪೇಟೆಯ ಕಡೆಯಿಂದ, ಬೀದಳ್ಳಿ ಹೆಗ್ಗಡೆಮನೆಯ ದಾರಿ ಇದೆ. ದೂರವೂ ಕಡಿಮೆ, ಏರೂ ಕಡಿಮೆ. ಆ ಬದಿಯಲ್ಲಿ ಮಲ್ಲಳ್ಳಿ ಜಲಪಾತದ ಆಸುಪಾಸಿನ ಹಳ್ಳಿಗಳಲ್ಲಿ ಹೋಮ್‌ಸ್ಟೇಗಳಿವೆ, ಸೋಮವಾರಪೇಟೆ ಪೇಟೆಯಲ್ಲಿ ಸಾದಾ ಲಾಡ್ಜುಗಳಿವೆ. ಬಸ್ಸು ಮಾತ್ರ ವಿರಳ.

ಬ್ರಹ್ಮಗಿರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇರ್ಪು ಜಲಪಾತದಿಂದ ಹಾದಿ, ನಡುವೆ ನರಿಮಲೆಯಲ್ಲಿ ಅರಣ್ಯ ಇಲಾಖೆಯ ಕಟ್ಟಡ. ಆನೆ ಓಡಾಡುವ ಕಾಡು. ಶ್ರೀಮಂಗಲದ ವಲಯ ಅರಣ್ಯ ಕಚೇರಿಯ ಅನುಮತಿ ಇಲ್ಲದೆ ಆ ದಿಕ್ಕಿಗೆ ಹೊರಡಬೇಡಿ. ತಂಗುವುದಕ್ಕೆ ಕುಟ್ಟದಲ್ಲಿ, ಶ್ರೀಮಂಗಲದಲ್ಲಿ ಸಣ್ಣ ವಸತಿಗಳು. ಏನೂ ಸಿಗದಿದ್ದರೆ ಗೋಣಿಕೊಪ್ಪ. ಪ್ರವಾಸಿಗರಿಗಿಂತ ವ್ಯಾಪಾರಸ್ಥರಿಗಾಗಿ ಇರುವ ಊರಾದ್ದರಿಂದ ಅಲ್ಲಿನ ಲಾಡ್ಜಿನ ದರ ಶನಿವಾರ ಬಂತೆಂದು ಹಾರುವುದು ಕಡಿಮೆ. ನಿಶಾನಿಮೊಟ್ಟೆಯ ಕಡೆಗಾದರೆ ಭಾಗಮಂಡಲದಲ್ಲಿ ಯಾತ್ರಾರ್ಥಿಗಳ ಕೊಠಡಿಗಳಿವೆ. ಅಕ್ಟೋಬರ್ 17ರ ಹೊತ್ತಿನ ತುಲಾ ಸಂಕ್ರಮಣದಲ್ಲಿ ಅವನ್ನು ಯಾತ್ರಾರ್ಥಿಗಳಿಗೇ ಬಿಟ್ಟುಬಿಡಿ.

ಇಷ್ಟೆಲ್ಲ ಹೇಳಿದರೂ ಒಂದು ಕೊರತೆ ಉಳಿಯುತ್ತದೆ. ವಿದ್ಯಾರ್ಥಿಗಳಿಗೆ ಇದೂ ದುಬಾರಿಯೇ. 1909ರಲ್ಲಿ ಜರ್ಮನಿಯ ರಿಚರ್ಡ್ ಶಿರ್ಮಾನ್ ಎಂಬ ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ನಡೆದು ಹೋಗುತ್ತಿದ್ದಾಗ ಗುಡುಗು ಮಳೆಗೆ ಸಿಕ್ಕಿ ಒಂದು ಹಳ್ಳಿ ಶಾಲೆಯ ಕೋಣೆಯಲ್ಲಿ ಹುಲ್ಲು ಹಾಸಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳನ್ನು ನಡೆದಾಡುವ ಹುಡುಗರಿಗೆ ಕೊಡಬಾರದೇಕೆ ಎಂಬ ಯೋಚನೆ ಅಲ್ಲಿ ಹುಟ್ಟಿತು. 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿ ಮೊದಲ ಶಾಶ್ವತ ಯೂತ್ ಹಾಸ್ಟೆಲ್ ತೆರೆಯಿತು. ನಮ್ಮಲ್ಲೂ ಹಿಂದೆ ಕಾಲೇಜಿನ ಚಾರಣ ತಂಡಗಳು ಹಳ್ಳಿ ಶಾಲೆಯ ಜಗಲಿಯಲ್ಲಿ ಮಲಗುತ್ತಿದ್ದವು. ಹೆಡ್‌ಮಾಸ್ಟರಿಗೊಂದು ಪತ್ರ, ಬೆಳಗ್ಗೆ ಎದ್ದು ಜಗಲಿ ಗುಡಿಸುವುದು, ಅಷ್ಟೇ ಬಾಡಿಗೆ. ಈಗ ಯಾವ ಮುಖ್ಯೋಪಾಧ್ಯಾಯರೂ ಆ ಹೊಣೆ ಹೊರಲಾರರು, ಅವರನ್ನು ದೂರುವಂತಿಲ್ಲ. ಯೂತ್ ಹಾಸ್ಟೆಲ್ ಬೇಕೆಂದರೆ ಮೈಸೂರಿನಲ್ಲಿದೆ, ಬೆಟ್ಟದ ಬುಡದಲ್ಲಿಲ್ಲ. ಕಕ್ಕಬೆಯಲ್ಲೊಂದು, ಬೀದಳ್ಳಿಯ ಕಡೆಯೊಂದು, ಇಪ್ಪತ್ತು ಇಪ್ಪತ್ತು ಹಾಸಿಗೆಯ ಸಾದಾ ಡಾರ್ಮಿಟರಿ ಕಟ್ಟಿ, ಗ್ರಾಮ ಪಂಚಾಯಿತಿಯೋ ಗ್ರಾಮ ಅರಣ್ಯ ಸಮಿತಿಯೋ ನಡೆಸುವಂತಾದರೆ ಏನು ಕಷ್ಟ? ದಿನಕ್ಕೆ 300 ಜನರ ಟಿಕೆಟ್ ಹಣ ಹೇಗೂ ಬರುತ್ತಿದೆ. ಹತ್ತುವವರ ಲೆಕ್ಕ ಇಟ್ಟ ಇಲಾಖೆಗೆ, ಅವರು ಹಿಂದಿನ ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಯೋಚನೆಯೂ ಬರಬೇಕು. ರಾತ್ರಿಯೆಲ್ಲ ಕಾರು ಓಡಿಸಿ, ನಿದ್ದೆಗೆಟ್ಟ ಕಣ್ಣಿನಲ್ಲಿ ನೇರ ಬೆಟ್ಟ ಹತ್ತುವ ಹುಡುಗರನ್ನು ಕಂಡಾಗ ನನಗೆ ಭಯವಾಗುತ್ತದೆ. ಆ ಸಾಹಸಕ್ಕೆ ಕಾರಣ ಬಹಳ ಸಲ ಕೋಣೆಯ ದುಡ್ಡು ಉಳಿಸುವುದೇ.

ಬರುವವರು ಜತೆಗೆ ತರಬೇಕಾದ್ದು: ಒಂದು ಹೊದಿಕೆ, ಟಾರ್ಚು, ಗುರುತಿನ ಚೀಟಿಯ ನಾಲ್ಕಾರು ಜೆರಾಕ್ಸ್ ಪ್ರತಿ, ಚಿಲ್ಲರೆ ನೋಟು. ಕಣಿವೆಯ ಒಳಗೆ ಸಿಗ್ನಲ್ ಹೋದರೆ ಮೊಬೈಲಿನಿಂದ ಹಣ ಕಳಿಸುವುದು ಸಾಧ್ಯವಾಗುವುದಿಲ್ಲ. ಮಳೆ ಬಿಟ್ಟ ಹೊಸದರಲ್ಲಾದರೆ ಇಂಬಳಕ್ಕೆ ಸುಣ್ಣವೋ ಉಪ್ಪೋ.

ಕೊನೆಗೆ ಆ ಸಹಪಾಠಿಗೆ, ಅವನಂಥ ಎಲ್ಲರಿಗೂ ಒಂದು ವಿನಂತಿ. ಆರು ಜನ ಎಂದು ಹೇಳಿ ಮೂವರಷ್ಟೇ ಹೊರಟರೆ, ಅಥವಾ ಬರುವುದೇ ರದ್ದಾದರೆ, ದಯವಿಟ್ಟು ಹಿಂದಿನ ದಿನವೇ ಫೋನು ಮಾಡಿ ತಿಳಿಸಿ. ಕಕ್ಕಬೆಯ ಮನೆಯವರು ಆರು ಜನರ ಊಟಕ್ಕೆಂದು ನಾಪೋಕ್ಲು ಸಂತೆಗೋ ವಿರಾಜಪೇಟೆಗೋ ಹೋಗಿ ಸಾಮಾನು ತಂದಿರುತ್ತಾರೆ, ಬೇರೆಯವರಿಗೆ ಇಲ್ಲ ಎಂದು ಹೇಳಿರುತ್ತಾರೆ. ಮುಂಗಡ ತೆಗೆದುಕೊಳ್ಳದ ಮನೆಗಳು ಇನ್ನೂ ಕೆಲವು ಉಳಿದಿವೆ. ಹೊರಟ ಮೇಲೆ ಲೆಕ್ಕ ಬದಲಾದರೆ ಆಗಲೂ ತಿಳಿಸಿ. ವಿರಾಜಪೇಟೆ ಬಸ್ ನಿಲ್ದಾಣ ಬಿಟ್ಟ ಮೇಲೆ ಫೋನು ಸಿಗುವುದು ಅನುಮಾನ, ಅಲ್ಲಿಂದಲೇ ಮಾಡಿ.